ರಾತ್ರಿಪಾಳಿಯಲ್ಲಿ ಕರುಣೆಯ ಅಭ್ಯಾಸ

ಕನ್ನಡ ದಿನಪತ್ರಿಕೆಯೊಂದರ ರಾತ್ರಿಪಾಳಿಯ ಉಪಸಂಪಾದಕಿಯಾದ ನನಗೆ ಕೆಟ್ಟ ಸುದ್ದಿಯಿಂದ ದೂರ ಉಳಿಯುವ ಅನುಕೂಲವಿಲ್ಲ. ‘ಸ್ವಲ್ಪ ದಿನ ಟಿ.ವಿ. ನೋಡಬೇಡಿ, ಮೊಬೈಲ್ ಬದಿಗಿಡಿ’ ಎಂಬ ಸಲಹೆ ಬೇರೆಯವರಿಗೆ ಒದಗೀತು. ನಾನು ಅದನ್ನು ಪಾಲಿಸಿದರೆ ಸಂಬಳ ನಿಲ್ಲುತ್ತದೆ. ಸಂಜೆ ಕುರ್ಚಿಯಲ್ಲಿ ಕೂತಾಗಿನಿಂದ ಕೊನೆಯ ಪುಟ ಮುದ್ರಣಕ್ಕೆ ಹೋಗುವವರೆಗೂ ಅಪಘಾತ, ಕೊಲೆ, ನೆರೆ, ಯುದ್ಧದ ಸುದ್ದಿಗಳು ಬರುತ್ತಲೇ ಇರುತ್ತವೆ. ಯಾವುದಕ್ಕೆ ಎಷ್ಟು ಜಾಗ ಎಂದು ಅಳೆದು ಕೊಡುವುದು ನನ್ನ ಕೆಲಸ. ‘ಬಸ್ ಪಲ್ಟಿಯಂತೆ. ಎಷ್ಟು ಜನ?’ ‘ಇಬ್ಬರು.’ ‘ಹಾಗಾದ್ರೆ ಒಳಪುಟಕ್ಕೆ ಸಿಂಗಲ್ ಕಾಲಂ ಸಾಕು.’ ಇಂಥ ಮಾತು ಕೇಳಿಬರದ ರಾತ್ರಿ ನಮ್ಮ ಡೆಸ್ಕಿನಲ್ಲಿಲ್ಲ. ಇದನ್ನು ಕ್ರೌರ್ಯವೆನ್ನಲಾರೆ, ಹಾಗೆ ಮಾತಾಡದಿದ್ದರೆ ಪುಟ ಮುಗಿಯುವುದಿಲ್ಲ. ಆದರೆ ಆ ದನಿ ನನ್ನ ಸ್ವಭಾವವೇ ಆಗಿಬಿಡಬಾರದು, ಹಾಗೆಂದು ಪ್ರತಿ ಸುದ್ದಿಗೂ ಕಣ್ಣೀರಿಡುತ್ತ ಕೂರಲೂ ಆಗದು ಎಂಬ ಇಕ್ಕಟ್ಟಿನಲ್ಲಿ ಕರುಣೆಯನ್ನು ಒಂದು ಅಭ್ಯಾಸವಾಗಿ ರೂಢಿಸಿಕೊಳ್ಳಬೇಕಾಯಿತು.

ಮೈತ್ರಿ, ಕರುಣೆ, ಮುದಿತೆ (ಪರರ ಸುಖಕ್ಕೆ ಸಂತೋಷಪಡುವುದು), ಉಪೇಕ್ಷೆ (ಇಲ್ಲಿ ಸಮಚಿತ್ತ ಎಂಬ ಅರ್ಥದಲ್ಲಿ) ಎಂಬ ನಾಲ್ಕು ಭಾವನೆಗಳ ಧ್ಯಾನವನ್ನು ನಾನು ಮೊದಲು ಕೇಳಿ ತಿಳಿದದ್ದು ಬೆಂಗಳೂರಿನ ಗಾಂಧಿನಗರದಲ್ಲಿರುವ ಮಹಾಬೋಧಿ ಸೊಸೈಟಿಯಲ್ಲಿ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಇದೇ ನಾಲ್ಕು ಪತಂಜಲಿಯ ಯೋಗಸೂತ್ರದಲ್ಲೂ ಬರುತ್ತವೆಯಾದ್ದರಿಂದ ನಮ್ಮ ಮನೆಯ ಹಿರಿಯರಿಗೆ ಇದೇನೂ ಹೊರಗಿನದೆನಿಸಲಿಲ್ಲ. ನನಗೆ ನಿಜವಾಗಿ ದಾರಿ ತೋರಿಸಿದ್ದು 5ನೇ ಶತಮಾನದಲ್ಲಿ ಬೌದ್ಧ ವಿದ್ವಾಂಸ ಬುದ್ಧಘೋಷರು ಶ್ರೀಲಂಕಾದಲ್ಲಿ ಬರೆದ ವಿಸುದ್ಧಿಮಗ್ಗವೆಂಬ ಧ್ಯಾನಗ್ರಂಥದ ಒಂದು ವಿವರಣೆ. ಪ್ರತಿಯೊಂದು ಭಾವನೆಗೂ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು ಇರುತ್ತವೆ ಎನ್ನುತ್ತಾರೆ ಅವರು. ಕರುಣೆಯ ದೂರದ ಶತ್ರು ಹಿಂಸೆ. ಅದನ್ನು ಯಾರಾದರೂ ಗುರುತಿಸಿಯಾರು. ಹತ್ತಿರದ ಶತ್ರು ಶೋಕ, ಅಂದರೆ ಕರುಣೆಯ ವೇಷದಲ್ಲೇ ಬಂದು ಅದರ ಜಾಗದಲ್ಲಿ ಕೂರುವಂಥದು. ಉಪೇಕ್ಷೆಯ ಹತ್ತಿರದ ಶತ್ರು ಅರಿವಿಲ್ಲದ ಅಸಡ್ಡೆ. ಸುದ್ದಿಮನೆಯಲ್ಲಿ ನಾವು ಜಾರುವುದು ಈ ಎರಡು ಗುಂಡಿಗಳಿಗೇ: ಹೊಸಬರು ಶೋಕಕ್ಕೆ, ಹಳಬರು ಅಸಡ್ಡೆಗೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಈ ವ್ಯತ್ಯಾಸ ನನಗೆ ಪುಸ್ತಕದಾಚೆಗೂ ತಿಳಿಯಿತು. ರಸ್ತೆಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತ್ತು. ಹುಡುಕಾಟ ಮುಗಿಯುವ ಮೊದಲೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಭೂಕುಸಿತದ ಸುದ್ದಿ ಬಂತು. ಗಳಿಗೆಗೊಮ್ಮೆ ಬದಲಾಗುತ್ತಿದ್ದ ಮೃತರ ಸಂಖ್ಯೆಯನ್ನು ಶೀರ್ಷಿಕೆಯಲ್ಲಿ ತಿದ್ದುತ್ತಿದ್ದಾಗ ಮನಸ್ಸು ಮರಗಟ್ಟುವುದು ಸಂಖ್ಯೆಯ ಮುಂದೆ ಎಂಬುದು ಸ್ಪಷ್ಟವಾಯಿತು. ಎಷ್ಟು ದೊಡ್ಡ ಸಂಖ್ಯೆಯಾದರೂ ಅದಕ್ಕೆ ಮುಖವಿರುವುದಿಲ್ಲ. ವಿಸುದ್ಧಿಮಗ್ಗವೂ ಕರುಣೆಯನ್ನು ಕಷ್ಟದಲ್ಲಿರುವ ಒಬ್ಬ ವ್ಯಕ್ತಿಯಿಂದಲೇ ಆರಂಭಿಸಲು ಹೇಳುತ್ತದೆ. ಆದ್ದರಿಂದ ಶಿರೂರಿನ ವರದಿಯಲ್ಲಿ ನಾನು ಹಿಡಿದುಕೊಂಡದ್ದು ಗುಡ್ಡ ಕುಸಿತದಲ್ಲಿ ಕಾಣೆಯಾದ ಕೇರಳದ ಲಾರಿ ಚಾಲಕನೊಬ್ಬನನ್ನು ಮಾತ್ರ. ಪುಟ ತೆರೆಯುವ ಮುನ್ನ ಕೈಯನ್ನು ಕೀಬೋರ್ಡಿನಿಂದ ತೆಗೆದು, ಉಸಿರನ್ನು ಗಮನಿಸಿ, ಅವನಿಗಾಗಿ ಕಾಯುತ್ತಿರುವವರ ಸಂಕಟ ಶಮನವಾಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ. ಸೆಪ್ಟೆಂಬರ್ 25ರಂದು ನದಿಯಿಂದ ಲಾರಿಯನ್ನೂ ಅದರೊಳಗಿದ್ದ ಶವವನ್ನೂ ಮೇಲೆತ್ತಿದ ಸುದ್ದಿ ಬಂದಾಗ ದುಃಖವಾಯಿತು, ಆದರೆ ಕುಸಿದು ಕೂರಲಿಲ್ಲ.

ನರವಿಜ್ಞಾನಿ ಟಾನಿಯಾ ಸಿಂಗರ್ ಮತ್ತು ಅವರ ಸಹೋದ್ಯೋಗಿಗಳು ಬೌದ್ಧ ಭಿಕ್ಷು ಮಾಥ್ಯೂ ರಿಕಾರ್ ಅವರೊಂದಿಗೆ ನಡೆಸಿದ ಅಧ್ಯಯನವೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತದೆ. ಪರರ ನೋವನ್ನು ತನ್ನದೆಂಬಂತೆ ಅನುಭವಿಸುವ ತರಬೇತಿ ಪಡೆದವರಲ್ಲಿ ಸಂಕಟ ಹೆಚ್ಚಿತು. ಅವರಿಗೇ ಕರುಣೆಯ ತರಬೇತಿ ಕೊಟ್ಟಾಗ ಅದು ಇಳಿಯಿತು, ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯಾಗಿದ್ದವು.

ಮರುಕಕ್ಕೆ ಕೈಯಲ್ಲೊಂದು ಕೆಲಸ ಕೊಡದಿದ್ದರೆ ಅದು ಬೇಗ ಹಳಸುತ್ತದೆಂಬುದು ನಾನು ಕಂಡುಕೊಂಡದ್ದು. ನನ್ನ ಮೇಜಿನಲ್ಲೇ ಅಂಥ ಕೆಲಸಗಳಿವೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲಾಗಬಾರದೆಂಬುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಆದರೆ ಹೆಸರು ಬಿಟ್ಟು ಊರು, ಶಾಲೆ, ತಂದೆಯ ಉದ್ಯೋಗ ಎಲ್ಲವನ್ನೂ ಬರೆದ ವರದಿಗಳೂ ಬರುತ್ತವೆ. ಅವನ್ನು ಕೂತು ಒಂದೊಂದಾಗಿ ತೆಗೆಯುವುದು ಆ ಹುಡುಗಿಗೆ ನಾನು ಮಾಡಬಹುದಾದ ಉಪಕಾರ. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನದ ವಿವರ ಅಳಿಸಿ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊನೆಗೆ ಸೇರಿಸುತ್ತೇನೆ. ಕಚೇರಿಯ ಹೊರಗೆ ರಕ್ತದಾನವಿದೆ; ಮಹಿಳೆಯರಿಗೆ ಎರಡು ದಾನಗಳ ನಡುವೆ 120 ದಿನಗಳ ಅಂತರ ಬೇಕಾದ್ದರಿಂದ ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ. ದೂರದ ಯುದ್ಧಕ್ಕೆ ಇದರಿಂದೇನೂ ಆಗದು ಎಂದು ಗೊತ್ತು.

ದೂರದವರಿಗೆ ಮರುಗುವುದು ಸುಲಭ. ಅವರು ನಮ್ಮ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಹಾಗಾಗಿ ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಈ ಧ್ಯಾನದ ಅಭ್ಯಾಸದಲ್ಲಿ ಆಪ್ತರ ನಂತರ ಬರುವ ‘ಮಧ್ಯಸ್ಥ’ ವ್ಯಕ್ತಿಗೆ, ಎಂದರೆ ಇಷ್ಟವೂ ಅನಿಷ್ಟವೂ ಅಲ್ಲದವರಿಗೆ, ನಾನು ಹೆಚ್ಚು ಸಮಯ ಕೊಡುತ್ತೇನೆ. ನಡುರಾತ್ರಿ ನಮ್ಮನ್ನು ಮನೆಗೆ ಬಿಡುವ ಕ್ಯಾಬಿನ ಚಾಲಕರು ಬಹುಕಾಲ ನನಗೆ ಅಂಥವರಾಗಿದ್ದರು. ‘ಊಟ ಆಯ್ತಾ ಅಣ್ಣಾ?’ ಎಂದು ಕೇಳತೊಡಗಿದ ಮೇಲೆ ಅವರು ಹಗಲಲ್ಲಿ ಇನ್ನೊಂದು ಗಾಡಿ ಓಡಿಸುವುದು ತಿಳಿಯಿತು. ಅಂದಿನಿಂದ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡದೆ ಅವರೊಂದಿಗೆ ಮಾತಾಡುತ್ತ ಬರುತ್ತೇನೆ. ಇದರಲ್ಲಿ ನನ್ನ ಜೀವದ ಭಯವೂ ಇದೆಯೆನ್ನಿ.

ಕೆಡುಕು ಮಾಡಿದವರ ವಿಷಯ ಕಠಿಣ. ಬುದ್ಧಘೋಷರು ಅಲ್ಲಿ ಒಂದು ಚಿತ್ರ ಕೊಡುತ್ತಾರೆ: ವಧೆಗೆ ಎಳೆದೊಯ್ಯುತ್ತಿರುವ ಕಳ್ಳನಿಗೆ ಜನ ದಾರಿಯಲ್ಲಿ ತಿಂಡಿ, ಹೂಮಾಲೆ, ವೀಳ್ಯದೆಲೆ ಕೊಡುತ್ತಾರೆ; ಅವನು ಅವನ್ನು ಅನುಭವಿಸುತ್ತ ನಡೆದರೂ ಅವನನ್ನು ಸುಖಿಯೆಂದು ಯಾರೂ ಭಾವಿಸುವುದಿಲ್ಲ. ಲಂಚದ ದುಡ್ಡಿನಲ್ಲಿ ಮೆರೆಯುವವರನ್ನು, ದ್ವೇಷದ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸುವವರನ್ನು ಹೀಗೆ ನೋಡಲು ನನಗೆ ಕೆಲವೊಮ್ಮೆ ಸಾಧ್ಯವಾಗುತ್ತದೆ. ಮಕ್ಕಳ ಮೇಲೆ ಕೈಮಾಡಿದವರನ್ನು ನೋಡಲಾಗುವುದಿಲ್ಲ. ಅಂಥ ಪ್ರಕರಣದಲ್ಲಿ ಆರೋಪ ಸಾಬೀತಾಗುವವರೆಗೆ ‘ಆರೋಪಿ’ ಎಂದೇ ಬರೆಯುತ್ತೇನೆ, ಅವನ ಮನೆಯ ಹೆಂಗಸರ ಫೋಟೊ ಹಾಕಲು ಬಿಡುವುದಿಲ್ಲ. ಧ್ಯಾನದಲ್ಲಿ ಸಿಟ್ಟು ಎದ್ದರೆ ಹಿಂದಿನ ವ್ಯಕ್ತಿಗೆ ಮರಳಿ ಮತ್ತೆ ಶುರುಮಾಡಬೇಕೆಂಬುದು ಈ ಪದ್ಧತಿಯ ನಿಯಮ. ಆ ಸುದ್ದಿ ಬಂದ ರಾತ್ರಿ ನಾನು ಆ ಮಗುವಿನ ಬಳಿಗೇ ಮರಳುತ್ತೇನೆ, ಸದ್ಯಕ್ಕೆ ಅಲ್ಲಿಂದ ಮುಂದೆ ಹೋಗಿಲ್ಲ.