ಜೋಳ, ರಾಗಿಯ ಬೇರು ಹೀರುವ ಸ್ಟ್ರೈಗಾ: ಕಳೆ ಕೀಳುವ ಮೊದಲು ಮಣ್ಣು ನೋಡಿ

ಮಣ್ಣು ಹಸಿ ಇದ್ದರೂ ಜೋಳದ ಪೈರು ಅಲ್ಲಲ್ಲಿ ಮಧ್ಯಾಹ್ನಕ್ಕೇ ಬಾಡಿ ನಿಲ್ಲುತ್ತಿದೆಯಾ? ಪಕ್ಕದ ಪೈರು ಸೊಂಟದೆತ್ತರ ಬಂದರೂ ಅಲ್ಲಿ ಮಾತ್ರ ಮಂಡಿ ದಾಟುತ್ತಿಲ್ಲವಾ? ಔಷಧಿ ಅಂಗಡಿಗೆ ಹೋಗುವ ಮೊದಲು ಒಂದು ಗುದ್ದಲಿ, ಒಂದು ಬಕೆಟ್ ನೀರು ತಗೊಂಡು ಹೊಲಕ್ಕೆ ಹೋಗಿ.

ಗಿಡವನ್ನು ಎಳೆದು ಕೀಳಬೇಡಿ. ಎಳೆದರೆ ನೋಡಬೇಕಾದ್ದು ಮಣ್ಣಲ್ಲೇ ಉಳಿದುಬಿಡುತ್ತದೆ. ಸುತ್ತ ಒಂದು ಗೇಣು ಬಿಟ್ಟು ಹೆಂಟೆ ಸಮೇತ ಎತ್ತಿ, ನೀರಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ, ಆಮೇಲೆ ಮೆಲ್ಲಗೆ ಅಲುಗಿಸಿ ಮಣ್ಣು ಬಿಡಿಸಿ. ಬೇರಿಗೆ ಕಚ್ಚಿಕೊಂಡ ಬಿಳಿ ಬಣ್ಣದ ಮೆತ್ತನೆ ಮೊಳಕೆ ಕಂಡರೆ, ಮುಟ್ಟಿದರೆ ಪಟ್ಟನೆ ಮುರಿಯುವಂಥದ್ದು, ಅದು ಬೆಳೆಯ ಬೇರಿಗೆ ಅಂಟಿ ಆಹಾರ ಹೀರುವ ಕಳೆ ಸ್ಟ್ರೈಗಾ ಅಂತ ಅನುಮಾನ ಪಡಬಹುದು. ಮಣ್ಣಿನಿಂದ ಮೇಲೆ ಬಂದಮೇಲೆ ಹಸಿರಾಗುತ್ತದೆ, ನಮ್ಮ ಕಡೆ ಹೆಚ್ಚಾಗಿ ಸಣ್ಣ ಬಿಳಿ ಹೂ ಬಿಡುತ್ತದೆ. ಆಫ್ರಿಕಾದಲ್ಲಿ ಕೆಂಪು, ನೇರಳೆ-ಗುಲಾಬಿ ಹೂವಿನವೂ ಇವೆ. ಖಾತ್ರಿಯಾಗದಿದ್ದರೆ ಬೇರು ಸಮೇತ ಒದ್ದೆ ಪೇಪರಿನಲ್ಲಿ ಸುತ್ತಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿಗೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ತಗೊಂಡು ಹೋಗಿ ತೋರಿಸಿ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿಗೆ ಬೀಳುವ ಒರೊಬಾಂಕೆ ಎಂಬ ಕಳೆ ಇದರ ನೆಂಟನೇ, ಆದರೆ ಅದಕ್ಕೆ ಹಸಿರು ಎಲೆಯೇ ಇರುವುದಿಲ್ಲ.

ಈಗ ಮುಖ್ಯ ವಿಷಯ. ಕಣ್ಣಿಗೆ ಕಾಣುವ ಗಿಡ ನಿಮ್ಮ ದೊಡ್ಡ ಶತ್ರು ಅಲ್ಲ. ಅದು ಮೇಲೆ ಬರುವ ಹೊತ್ತಿಗೆ ಆಗಬೇಕಾದ ನಷ್ಟ ಬಹುಪಾಲು ಆಗಿರುತ್ತದೆ. ಶತ್ರು ಇರುವುದು ಮಣ್ಣಲ್ಲಿ, ನಶ್ಯದ ಪುಡಿಯಷ್ಟು ಸಣ್ಣ ಬೀಜದ ರೂಪದಲ್ಲಿ. ಒಂದೇ ಗಿಡ 50,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಹತ್ತು ವರ್ಷ ದಾಟಿದರೂ ಅವು ಜೀವ ಹಿಡಿದುಕೊಂಡೇ ಇರುತ್ತವೆ. ಬರೀ ಮಳೆ ಬಿದ್ದರೆ ಮೊಳೆಯುವುದಿಲ್ಲ. ಒಂದೆರಡು ವಾರ ಬೆಚ್ಚಗೆ ತೇವದಲ್ಲಿರಬೇಕು, ಆಮೇಲೆ ಹತ್ತಿರದಲ್ಲೇ ಜೋಳದಂಥ ಬೆಳೆಯ ಬೇರು ಬಿಡುವ ಸ್ಟ್ರಿಗೋಲ್ಯಾಕ್ಟೋನ್ ಎಂಬ ರಾಸಾಯನಿಕ ತಾಗಬೇಕು. ಮೊಳೆತ ಮೇಲೆ ಕೆಲವೇ ದಿನದಲ್ಲಿ ಬೇರು ಸಿಗದಿದ್ದರೆ ಸಾಯುತ್ತದೆ.

ಈ ರಾಸಾಯನಿಕ ಮೊದಲು ಸಿಕ್ಕಿದ್ದು 1966ರಲ್ಲಿ, ಅದೂ ಹತ್ತಿಯ ಬೇರಿನಿಂದ! ಹತ್ತಿಗೆ ಸ್ಟ್ರೈಗಾ ಅಂಟುವುದೇ ಇಲ್ಲ. ಅಂದರೆ ಹತ್ತಿ ಹಾಕಿದರೆ ಬೀಜ ಮೋಸಹೋಗಿ ಮೊಳೆತು, ಹಿಡಿಯಲು ಬೇರು ಸಿಗದೆ ಸಾಯುತ್ತದೆ. ಅಲಸಂದೆ (ನಮ್ಮಲ್ಲಿ ತಡಗುಣಿ ಅಂತಾರಲ್ಲ, ಅದೇ), ಕಡಲೆಕಾಯಿ, ಸೋಯಾ, ಸೂರ್ಯಕಾಂತಿ ಕೂಡ ಇದೇ ಕೆಲಸ ಮಾಡುತ್ತವೆ. ಕೀನ್ಯಾದಲ್ಲಿ ಮುಸುಕಿನ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ ಹಾಕಿ, ಸುತ್ತ ನೇಪಿಯರ್ ಹುಲ್ಲು ಬೆಳೆಸುವ ಪದ್ಧತಿ ಬಂದಿದೆ. ಹುಲ್ಲು ಕಾಂಡಕೊರಕವನ್ನು ಸೆಳೆಯುತ್ತದೆ, ಡೆಸ್ಮೋಡಿಯಂ ಬೇರು ಸ್ಟ್ರೈಗಾವನ್ನು ಮುಗಿಸುತ್ತದೆ. ಅಮೆರಿಕದ ಕ್ಯಾರೊಲೈನಾಗಳಲ್ಲಿ 1956ರಲ್ಲಿ ಕಾಣಿಸಿಕೊಂಡಾಗ ಮಣ್ಣಿಗೆ ಎಥಿಲೀನ್ ಅನಿಲ ತುಂಬಿ ಬೀಜ ಮೊಳೆಯುವಂತೆ ಮಾಡಿದರು. ಅದು ಸರ್ಕಾರದ ದುಡ್ಡಿನಲ್ಲಿ ಆಗುವ ಕೆಲಸ, ನಮಗೆ ತಡಗುಣಿಯೇ ಗತಿ.

ಹಾಗಾಗಿ ನನ್ನ ಸಲಹೆ ಇಷ್ಟೇ: ಯಾವ ಉಪಾಯ ಯಾರು ಹೇಳಿದರೂ, ಇದು ಮಣ್ಣಿನ ಬೀಜ ಕಡಿಮೆ ಮಾಡುತ್ತಾ ಅಥವಾ ಹೊಸ ಬೀಜ ಬೀಳದಂತೆ ತಡೆಯುತ್ತಾ ಅಂತ ಕೇಳಿ.

ಮೊದಲು ಎಲ್ಲಿ ಎಷ್ಟಿದೆ ತಿಳಿಯಿರಿ. ಬೇಸಿಗೆಯಲ್ಲಿ ಅನುಮಾನ ಇರುವ ಹೊಲದ ಐದಾರು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು ಬೆರೆಸಿ, ತಳಕ್ಕೆ ತೂತು ಮಾಡಿದ ಹಳೇ ಪೇಂಟ್ ಬಕೆಟ್‌ಗಳಿಗೆ ತುಂಬಿ. ಇನ್ನೊಂದೆರಡು ಬಕೆಟ್‌ಗೆ ಹೋಲಿಸಿ ನೋಡಲು ಖಂಡಿತಾ ಸ್ಟ್ರೈಗಾ ಇಲ್ಲದ ಜಾಗದ ಮಣ್ಣು. ಹತ್ತು ದಿನ ತೇವ ಮಾತ್ರ ಕೊಡಿ, ಆಮೇಲೆ ಜೋಳ ಬಿತ್ತಿ. ಒಂದೂವರೆ ಎರಡು ತಿಂಗಳಿಗೆ ಬಕೆಟ್ ಮಗುಚಿ ಬೇರು ತೊಳೆದು ಮೊಳಕೆ ಎಣಿಸಿ. ಹೊಲದಲ್ಲಾದರೆ ಪೂರ್ತಿ ಬದಲಾಯಿಸಬೇಡಿ. ಒಂದು ಪಟ್ಟಿಯಲ್ಲಿ ತಡಗುಣಿ, ಪಕ್ಕದ ಪಟ್ಟಿಯಲ್ಲಿ ಎಂದಿನಂತೆ ರಾಗಿ ಹಾಕಿ, ಮುಂದಿನ ಮುಂಗಾರಿಗೆ ಎರಡಕ್ಕೂ ರಾಗಿ ಹಾಕಿ ಯಾವುದರಲ್ಲಿ ಕಳೆ ಜಾಸ್ತಿ ನೋಡಿ. ಒಂದೇ ಸಲಕ್ಕೆ ಮಾಯವಾಗುತ್ತದೆ ಅಂದುಕೊಳ್ಳಬೇಡಿ, ಬೀಜ ವರ್ಷಗಟ್ಟಲೆ ಇರುತ್ತದೆ ಅಲ್ವಾ.

ಗೊಬ್ಬರದ ವಿಷಯದಲ್ಲಿ ಜಿಪುಣತನ ಬೇಡ. ರಂಜಕ ಕಡಿಮೆ ಇರುವ ಬಡ ಮಣ್ಣಿನಲ್ಲಿ ಬೇರು ಸ್ಟ್ರಿಗೋಲ್ಯಾಕ್ಟೋನನ್ನು ಇನ್ನೂ ಜಾಸ್ತಿ ಬಿಡುತ್ತದೆ, ಯಾಕೆಂದರೆ ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರವನ್ನು ಕರೆಯುವ ಸಂದೇಶವೂ ಅದೇ. ಇದು 2005ರಲ್ಲಿ ಗೊತ್ತಾಯಿತು. ಸಾರಜನಕವೂ ಸಾಕಷ್ಟಿದ್ದರೆ ಸ್ಟ್ರೈಗಾ ಹಾವಳಿ ತಗ್ಗುತ್ತದೆ. ತಳಿಯ ಕಡೆಯಿಂದಲೂ ಕೆಲಸ ಆಗಿದೆ. ಸ್ಟ್ರೈಗಾ ತಡೆಯುವ ಜೋಳದ ತಳಿಗಳ ಕೆಲಸಕ್ಕೆ ವಿಜ್ಞಾನಿ ಗೆಬಿಸಾ ಎಜೆಟಾ ಅವರಿಗೆ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಅಂಥ ಜೋಳದ ಬೇರು ಬೀಜವನ್ನು ಸರಿಯಾಗಿ ಎಬ್ಬಿಸುವುದೇ ಇಲ್ಲ. ನಮ್ಮ ಹೊಲಕ್ಕೆ ಹೊಂದುವ ತಳಿ ಯಾವುದು ಅಂತ ವಿ.ಸಿ. ಫಾರ್ಮಿಗೆ ಹೋದಾಗಲೇ ಕೇಳಿಬಿಡಿ.

ಮೇಲೆ ಬಂದ ಗಿಡವನ್ನು ಹೂವಾಗುವ ಮೊದಲೇ ಕೀಳಿ. ಹೂ ಬಿಟ್ಟಿದ್ದರೆ ಚೀಲಕ್ಕೆ ಹಾಕಿ ತಂದು ಸುಡಿ. ಬದುವಿಗೂ ತಿಪ್ಪೆಗೂ ಎಸೆಯಬೇಡಿ. ಜೋಳ, ಕಬ್ಬಿನಲ್ಲಿ 2,4-ಡಿ ಎಂಬ ಕಳೆನಾಶಕ ಸಿಂಪಡಿಸುವವರಿದ್ದಾರೆ. ಅದು ಈ ವರ್ಷದ ಇಳುವರಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ, ಬೀಜ ಬೀಳುವುದನ್ನು ತಡೆಯುತ್ತದೆ, ಅಷ್ಟೇ ಲಾಭ. ಆದರೆ ರಾಗಿಯ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಇದ್ದರೆ ಅದೂ ಹೋಗುತ್ತದೆ. ಪಕ್ಕದಲ್ಲಿ ಹಿಪ್ಪುನೇರಳೆ ಅಥವಾ ಟೊಮ್ಯಾಟೊ ಇದ್ದರಂತೂ ಆ ಯೋಚನೆಯೇ ಬೇಡ, ಗಾಳಿಗೆ ಹಾರಿದ ಹನಿಯೇ ಸಾಕು ಎಲೆ ಮುರುಟಲು.

ನಾಲೆ ನೀರು ಬರುವವರಿಗೆ ಒಂದು ಅನುಕೂಲ ಇದೆ. ನೀರು ನಿಲ್ಲಿಸಿ ಭತ್ತ ಬೆಳೆಯುವ ಗದ್ದೆಯಲ್ಲಿ ಸ್ಟ್ರೈಗಾ ಆಟ ನಡೆಯುವುದಿಲ್ಲ. ಕಬ್ಬಿಗೆ ಬಿದ್ದಿದ್ದರೆ ಕೂಳೆ ಮೇಲೆ ಕೂಳೆ ಬಿಡುವುದು ನಿಲ್ಲಿಸಿ, ಒಂದು ಭತ್ತ ತೆಗೆಯಿರಿ.

ಇನ್ನು ಬಾಡಿಗೆ ರೋಟವೇಟರ್. ಕಳೆ ಇರುವ ತುಂಡನ್ನು ಕೊನೆಗೆ ಉಳಿಸಿ, ಚೆನ್ನಾಗಿರುವ ಹೊಲ ಮೊದಲು ಹೊಡೆಸಿ. ಬೇರೆ ಹೊಲದಿಂದ ಬಂದ ಗಾಡಿಯಾದರೆ ನಿಮ್ಮ ಹೊಲಕ್ಕೆ ಇಳಿಯುವ ಮೊದಲೇ ಬ್ಲೇಡಿಗೆ ಮೆತ್ತಿದ ಮಣ್ಣು ಕೆರೆಸಿ, ಡ್ರೈವರ್ ಗೊಣಗಿದರೂ ಪರವಾಗಿಲ್ಲ.