ನವೋದಯ ವಿದ್ಯಾಲಯದ 6ನೇ ತರಗತಿ ಪ್ರವೇಶ ಪರೀಕ್ಷೆ: ಭಾಷಾ ವಿಭಾಗಕ್ಕೆ ತಯಾರಿ

ಮಂಡ್ಯ, ಮೈಸೂರು ಕಡೆಯ ಪೋಷಕರೇ, ಗಣಿತ, ಮಾನಸಿಕ ಸಾಮರ್ಥ್ಯಕ್ಕೆ ಕೊಡುವ ಗಮನವನ್ನು ಭಾಷೆಗೂ ಕೊಡಿ. 100 ಅಂಕದಲ್ಲಿ 25 ಇದರದ್ದೇ: 4 ಗದ್ಯಭಾಗ, ತಲಾ 5 ಪ್ರಶ್ನೆ, ಒಂದೊಂದಕ್ಕೆ 1.25 ಅಂಕ. ಸಮಯ ಅರ್ಧ ಗಂಟೆ, ಅಂದರೆ ಒಂದು ಗದ್ಯಕ್ಕೆ ಏಳೂವರೆ ನಿಮಿಷ.

ಓದಲು ಚೆನ್ನಾಗಿ ಬರುವ ಮಕ್ಕಳೂ ಎಡವುವುದು ಒಂದೇ ಕಡೆ. ಗದ್ಯ ಕೆರೆಯ ಬಗ್ಗೆ ಇದ್ದರೆ, ಅಲ್ಲಿ ಬರೆದದ್ದನ್ನು ಬಿಟ್ಟು ತಮಗೆ ಗೊತ್ತಿರುವ ಉತ್ತರ ಗುರುತಿಸುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಪ್ರತಿ ಉತ್ತರಕ್ಕೂ 'ಯಾವ ಸಾಲಿನಲ್ಲಿದೆ, ತೋರಿಸು' ಅಂತ ಕೇಳಿ, ಆ ಸಾಲಿಗೆ ಗೆರೆ ಎಳೆಸಿ. ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಆಮೇಲೆ ಗದ್ಯ ಓದುವುದು ಒಳ್ಳೆಯದು. ಗದ್ಯದ ಪದಗಳನ್ನೇ ಹೊತ್ತಿರುವ ಆಯ್ಕೆ ಸರಿಯೆಂದು ನಂಬಬಾರದು. ಒಂದು 'ಇಲ್ಲ' ಸೇರಿಸಿ ಅರ್ಥ ತಿರುಗಿಸಿರುತ್ತಾರೆ. ಪದದ ಅರ್ಥ ಕೇಳಿದರೆ ಆ ವಾಕ್ಯದಲ್ಲೇ ಆಯ್ಕೆಯನ್ನು ಇಟ್ಟು ಓದಿ ನೋಡಲಿ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಆದರೆ ಓಎಂಆರ್ ಹಾಳೆಯಲ್ಲಿ (ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ) ತಿದ್ದುವಂತಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಉತ್ತರಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿದುಬಿಡುತ್ತವೆ, ಹಾಗಾಗಿ ಪ್ರಶ್ನೆ ಸಂಖ್ಯೆ ನೋಡಿಯೇ ಬಾಲ್ ಪೆನ್‌ನಲ್ಲಿ ವೃತ್ತ ತುಂಬುವ ಅಭ್ಯಾಸ ಈಗಲೇ ಮಾಡಿಸಿ.

ಅರ್ಜಿಯಲ್ಲಿ ಪರೀಕ್ಷೆಯ ಮಾಧ್ಯಮ ಆರಿಸುವಾಗ ಮಗು ಸಲೀಸಾಗಿ ಓದುವ ಭಾಷೆಯನ್ನೇ ಹಾಕಿ. ಪರೀಕ್ಷೆ ಬರೆಯಲು ಒಂದೇ ಅವಕಾಶ.