‘ನೋ ಗ್ರೋತ್’ ಎಂದು ಬರೆಯುವ ಮುಂಚೆ

ನಾನು ಹಾಸನದಲ್ಲಿ ಮೈಕ್ರೋಬಯಾಲಜಿಸ್ಟ್. ಮೂಳೆ ಡಾಕ್ಟರುಗಳು ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ‘ಮಂಡಿ ಬದಲಿಸಿ ಮೂರು ವರ್ಷ ಆಗಿದೆ ಮೇಡಂ. ಈಗ ನೋವು, ಎಕ್ಸ್‌ರೇಲಿ ಸಡಿಲ ಕಾಣ್ತಿದೆ. ಒಳಗೆ ನಂಜಿದೆಯಾ, ಇಲ್ವಾ?’

ಮುಂದಿನದೆಲ್ಲ ಈ ಉತ್ತರದ ಮೇಲೆ ನಿಂತಿದೆ. ನಂಜಿಲ್ಲದೆ ಸುಮ್ನೆ ಸಡಿಲವಾಗಿದ್ದರೆ ಹಳೆಯದನ್ನು ತೆಗೆದು ಅದೇ ಆಪರೇಷನ್‌ನಲ್ಲಿ ಹೊಸದು ಕೂರಿಸಬಹುದು. ನಂಜಿದ್ದರೆ ಸಾಮಾನ್ಯವಾಗಿ ಎರಡು ಹಂತ. ಮೊದಲು ಎಲ್ಲ ತೆಗೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ (ಸದ್ಯಕ್ಕೆ ಜಾಗ ಹಿಡಿದಿಡುವ ತುಂಡು) ಇಟ್ಟು, ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಹೊಸ ಮಂಡಿ. ನಂಜು ಕಣ್ತಪ್ಪಿದರೆ ಹೊಸ ಮಂಡಿಯೂ ಕೆಡುತ್ತದೆ. ಇಲ್ಲದ ನಂಜನ್ನು ಇದೆ ಎಂದುಬಿಟ್ಟರೆ ಎಪ್ಪತ್ತು ದಾಟಿದವರು ಸುಮ್ಮನೆ ಎರಡು ಆಪರೇಷನ್ ತಡೆದುಕೊಳ್ಳಬೇಕು. ಹಾಗಾಗಿ ಈ ಪ್ರಶ್ನೆ ಬಂದಾಗ ನಾನು ಅವಸರ ಮಾಡುವುದಿಲ್ಲ.

ಕೃತಕ ಮಂಡಿಯ ನಂಜು ಬೇರೆ ನಂಜಿನ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಹೆಚ್ಚಾಗಿ ಜ್ವರ ಇರಲ್ಲ, ಮಂಡಿ ಕೆಂಪಾಗಿರಲ್ಲ, ಕೀವು ಸೋರುತ್ತಿರಲ್ಲ. ಎಷ್ಟೋ ಸಲ ಬರೀ ನೋವು ಮಾತ್ರ. ಬ್ಯಾಕ್ಟೀರಿಯಾ ಲೋಹ ಮತ್ತು ಪ್ಲಾಸ್ಟಿಕ್ ಮೇಲೆ ಅಂಟಿಕೊಂಡು, ತಮ್ಮ ಸುತ್ತ ಲೋಳೆಯ ಪೊರೆ ಕಟ್ಟಿಕೊಂಡು ಕೂತಿರುತ್ತವೆ. ಇದೇ ಬಯೋಫಿಲ್ಮ್. ಹೆಚ್ಚಾಗಿ ಸಿಗುವುದು ಸ್ಟೆಫೈಲೊಕಾಕಸ್ ಜಾತಿಯವು. ಅದರಲ್ಲೂ ಎಪಿಡರ್ಮಿಡಿಸ್ ನಮ್ಮೆಲ್ಲರ ಚರ್ಮದ ಮೇಲೆ ಇರುವಂಥದ್ದೇ. ಪೊರೆಯೊಳಗೆ ಅವು ನಿಧಾನವಾಗಿ ಬದುಕುತ್ತವೆ, ಕೀಲಿನ ನೀರಿನಲ್ಲಿ ತೇಲಾಡುವುದು ಕಡಿಮೆ. ನೀರನ್ನು ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಪ್ಲೇಟಿಗೆ ಹಾಕಿ ಎರಡು ದಿನ ನೋಡಿ ಬಿಸಾಡಿದರೆ ಏನೂ ಬೆಳೆಯದೆ ಇರುವುದೇ ಜಾಸ್ತಿ.

ಅರಕಲಗೂಡು ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ನಾವು ಕೆಲಸ ಮಾಡುವ ರೀತಿ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಬೇರೆ ಊರಲ್ಲಿ ಮಂಡಿ ಬದಲಿಸಿಕೊಂಡಿದ್ದರು. ಮೊದಲ ವರ್ಷವೇ ನೋವು ಶುರು. ಬೇರೊಂದು ಲ್ಯಾಬಿನ ರಿಪೋರ್ಟ್ ಜೊತೆಗಿತ್ತು: ‘48 ಗಂಟೆ, ನೋ ಗ್ರೋತ್’, ಅಂದರೆ ಏನೂ ಬೆಳೆದಿಲ್ಲ. ಮೈಯಲ್ಲಿ ಉರಿಯೂತ ಇದೆಯಾ ಎಂದು ತೋರಿಸುವ ರಕ್ತ ಪರೀಕ್ಷೆಗಳಲ್ಲಿ ಸಿಆರ್‌ಪಿ 14, ಇಎಸ್‌ಆರ್ 48. ಇವೆರಡೂ ಸ್ವಲ್ಪ ಜಾಸ್ತಿಯೇ. ಹಳೆಯ ನಂಜು ಹುಡುಕುವಾಗ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ, ಇಎಸ್‌ಆರ್ 30 ದಾಟಿದರೆ ಅನುಮಾನ ಪಡಬೇಕು. ಆದರೆ ಇವು ಅನುಮಾನಕ್ಕಷ್ಟೇ. ರುಮಟಾಯ್ಡ್ ಕೀಲುವಾತ ಇದ್ದರೂ ಏರುತ್ತವೆ, ಎದೆಯಲ್ಲಿ ಕಫ ಕಟ್ಟಿದ್ದರೂ ಏರುತ್ತವೆ. ಕಡಿಮೆ ಚುರುಕಿನ ಬ್ಯಾಕ್ಟೀರಿಯಾ ಆದರೆ ಎರಡೂ ಮಾಮೂಲಾಗಿಯೇ ಇರಬಹುದು.

ನಾನು ಅಜ್ಜಿಗೆ ಕೇಳಿದ ಮೊದಲ ಮಾತು, ‘ಅಜ್ಜಿ, ಚೀಲದಲ್ಲಿರೋ ಮಾತ್ರೆ ಎಲ್ಲ ತೋರಿಸಿ’. ಬಿಪಿ ಮಾತ್ರೆ, ಶುಗರ್ ಮಾತ್ರೆ, ಅವುಗಳ ನಡುವೆ ಅರ್ಧ ಖಾಲಿಯಾದ ಆಂಟಿಬಯೋಟಿಕ್ ಸ್ಟ್ರಿಪ್. ‘ಮೆಡಿಕಲ್ ಸ್ಟೋರ್‌ನೋನು ಕೊಟ್ಟ ಡಾಕ್ಟ್ರಮ್ಮ, ನುಂಗಿದ್ರೆ ಒಂಚೂರು ಹಾಯಾಗ್ತದೆ’ ಎಂದರು. ಹಾಯಾಗುತ್ತದೆ, ನಿಜ. ಆದರೆ ಆ ಮಾತ್ರೆ ಪೊರೆಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲದೆ, ನಮ್ಮ ಪ್ಲೇಟಿನ ಮೇಲೆ ಅದು ಬೆಳೆಯದಂತೆ ಮಾಡುತ್ತದೆ. ರೋಗಿ ಜ್ವರದಿಂದ ಬಳಲುತ್ತಿಲ್ಲ, ಸ್ಥಿರವಾಗಿದ್ದಾರೆ ಎಂದರೆ ಮೂಳೆ ಡಾಕ್ಟರು ಆಂಟಿಬಯೋಟಿಕ್ ನಿಲ್ಲಿಸಿ ಕನಿಷ್ಠ ಎರಡು ವಾರ ಕಾಯುತ್ತಾರೆ. ಮೈಯೆಲ್ಲ ನಂಜೇರಿದವರಿಗೆ ಮಾತ್ರ ಕಾಯುವ ಮಾತಿಲ್ಲ. ಅಂಥವರಿಗೆ ತಕ್ಷಣ ನೀರು ತೆಗೆದು ಚಿಕಿತ್ಸೆ ಶುರು.

ಎರಡು ವಾರ ಕಳೆದು ಕೀಲಿನ ನೀರು ತೆಗೆದರು. ಆಪರೇಷನ್ ಥಿಯೇಟರಿನ ಶುಚಿಯಲ್ಲೇ ತೆಗೆಯಬೇಕು ಎಂಬುದು ನಮ್ಮ ಒಪ್ಪಂದ. ಮರಗಟ್ಟಿಸುವ ಔಷಧಿಯನ್ನು ಚರ್ಮಕ್ಕೆ ಮಾತ್ರ ಕೊಡಬೇಕು, ಕೀಲಿನೊಳಗೆ ಹೋಗಬಾರದು. ಅದಕ್ಕೂ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ. ನೀರು ಬರದಿದ್ದರೆ ಸಲೈನ್ ತುಂಬಿಸಿ ಮತ್ತೆ ಎಳೆದು ಕಳಿಸಬೇಡಿ, ಅದರಲ್ಲಿ ಬಿಳಿ ರಕ್ತಕೋಶ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಜ್ಜಿಯ ಮಂಡಿಯಿಂದ ಮಾಸಲು ಹಳದಿ ನೀರು ಬಂತು. ಟ್ಯೂಬಿನ ಹಿಂದೆ ಹಿಡಿದ ಅಕ್ಷರ ಮಂಕಾಗುವಷ್ಟು ಕಲಕು. ಒಂದು ಪಾಲು ನೇರಳೆ ಮುಚ್ಚಳದ ಟ್ಯೂಬಿಗೆ, ಕೋಶ ಎಣಿಸಲು. ಒಂದು ಪಾಲು ಅಲ್ಲೇ, ಮೇಜಿನ ಪಕ್ಕದಲ್ಲೇ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ (ಇದೇ ಕಲ್ಚರ್) ಬ್ಲಡ್ ಕಲ್ಚರ್ ಬಾಟಲಿಗಳಿಗೆ. ಗಾಳಿ ಬೇಕಾದವಕ್ಕೆ ಒಂದು, ಗಾಳಿ ಬೇಡದವಕ್ಕೆ ಒಂದು.

ಉಳಿದ ಒಂದು ಹನಿಯನ್ನು ಮೂತ್ರ ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟೆ. ಬಿಳಿ ರಕ್ತಕಣದ ಕಿಣ್ವ ತೋರಿಸುವ ಚೌಕ ಅದರಲ್ಲಿರುತ್ತದಲ್ಲ, ಅದೇ. ತೀರಾ ಅಗ್ಗದ ಪರೀಕ್ಷೆ, ಈಗ ಅಂತಾರಾಷ್ಟ್ರೀಯ ಮಾನದಂಡದಲ್ಲೇ ಜಾಗ ಪಡೆದಿದೆ. ಎರಡು ನಿಮಿಷ ಬಿಟ್ಟು ನೋಡಿದಾಗ ಚೌಕ ಕಡು ನೇರಳೆಯಾಗಿತ್ತು, ಎರಡು ಪ್ಲಸ್. ನೀರಿನಲ್ಲಿ ರಕ್ತ ಬೆರೆತಿದ್ದರೆ ಬಣ್ಣ ಓದಲಾಗುವುದಿಲ್ಲ. ಆಗ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳುತ್ತೇವೆ.

ಕೋಶದ ಲೆಕ್ಕ ಮೈಕ್ರೋಲೀಟರಿಗೆ 4,600, ಅದರಲ್ಲಿ ನ್ಯೂಟ್ರೋಫಿಲ್ (ನಂಜಿನ ಮೇಲೆ ಮೊದಲು ಎರಗುವ ಬಿಳಿ ರಕ್ತಕೋಶ) 86%. ಇಲ್ಲಿ ಲ್ಯಾಬಿನವರು ಗಮನ ಕೊಡಬೇಕು. ಹುಟ್ಟಿನಿಂದ ಇರುವ ಮಂಡಿಯಲ್ಲಿ ನಂಜು ಎನ್ನಲು 50,000 ನೋಡಿ ಅಭ್ಯಾಸವಾದವರಿಗೆ 4,600 ಏನೂ ಅನಿಸುವುದಿಲ್ಲ. ಕೃತಕ ಮಂಡಿಯ ಹಳೆಯ ನಂಜಿಗೆ ಗೆರೆ ಇರುವುದು 3,000ಕ್ಕೆ, ನ್ಯೂಟ್ರೋಫಿಲ್ 80%ಗೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಮಾತ್ರ ಈ ಗೆರೆ 10,000ದವರೆಗೆ ಏರುತ್ತದೆ. ಆಗ ಗಾಯದ ಊತವೇ ಇರುತ್ತಲ್ವಾ. ನಮ್ಮ ರಿಪೋರ್ಟಿನಲ್ಲಿ ಈಗ ಸಂಖ್ಯೆಯ ಪಕ್ಕದಲ್ಲೇ ಈ ಗೆರೆಯನ್ನೂ ಅಚ್ಚು ಹಾಕುತ್ತೇವೆ.

ಬಾಟಲಿಯಲ್ಲಿ ಎಪಿಡರ್ಮಿಡಿಸ್ ಬೆಳೆಯಿತು. ಚರ್ಮದಿಂದಲೇ ಬಂದಿರಬಹುದು, ಒಂದೇ ಸ್ಯಾಂಪಲ್ ನಂಬಿ ತೀರ್ಪು ಕೊಡುವಂತಿಲ್ಲ. ಕೀಲಿನವರೆಗೆ ತೂತು ಬಿದ್ದು ಸೋರುತ್ತಿದ್ದರೆ, ಇಲ್ಲವೇ ಎರಡು ಬೇರೆ ಸ್ಯಾಂಪಲ್‌ಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ, ನಂಜು ಖಚಿತ. 2018ರ ಅಂತಾರಾಷ್ಟ್ರೀಯ ಮಾನದಂಡ ಹೇಳುವುದು ಇದನ್ನೇ. ಉಳಿದ ಪರೀಕ್ಷೆಗಳಿಗೆ ಅಂಕ ಕೊಟ್ಟು ಕೂಡಿಸುತ್ತಾರೆ, ಆರು ಅಥವಾ ಹೆಚ್ಚು ಬಂದರೂ ನಂಜು.

ಆಪರೇಷನ್ ದಿನ ಸರ್ಜನ್ ಐದು ಕಡೆಯಿಂದ ಮಾಂಸದ ಚೂರು ತೆಗೆದರು. ಕೀಲಿನ ಪೊರೆಯಿಂದ, ತೊಡೆ ಮೂಳೆ ಕಡೆಯಿಂದ, ಕಾಲು ಮೂಳೆಯ ತಟ್ಟೆಯ ಅಡಿಯಿಂದ. ಸಡಿಲವಾದ ಜಾಗದಲ್ಲೇ ಸಿಗುವುದು ಜಾಸ್ತಿ. ಪ್ರತಿ ಚೂರಿಗೂ ಬೇರೆ ಬ್ಲೇಡ್, ಬೇರೆ ಚಿಮಟ, ಬೇರೆ ಡಬ್ಬಿ. ಒಂದೇ ಚಿಮಟದಲ್ಲಿ ಐದನ್ನೂ ಹಿಡಿದರೆ ಐದು ಸ್ಯಾಂಪಲ್ ಕಳಿಸಿದ ಅರ್ಥವೇ ಹೋಗುತ್ತದೆ. 1998ರಲ್ಲಿ ಆಕ್ಸ್‌ಫರ್ಡ್‌ನವರು ಐದಾರು ಚೂರು ಬೇಕೆಂದು ತೋರಿಸಿದ್ದರು, ಇವತ್ತಿಗೂ ನಾವು ಅದನ್ನು ಬಿಟ್ಟಿಲ್ಲ. ಹತ್ತಿಯ ಸ್ವಾಬ್ ಬೇಡವೇ ಬೇಡ. ಇನ್ನೊಂದು ಮಾತು, ಕಲ್ಚರಿಗೆ ಹೋಗುವ ಚೂರು ಫಾರ್ಮಲಿನ್‌ನಲ್ಲಿ ಬಿದ್ದರೆ ಮುಗಿಯಿತು, ಎಲ್ಲ ಸತ್ತುಹೋಗುತ್ತವೆ. ಫಾರ್ಮಲಿನ್ ಪೆಥಾಲಜಿಗೆ ಹೋಗುವ ಚೂರಿಗೆ ಮಾತ್ರ. ಅದಕ್ಕೇ ಥಿಯೇಟರಿನ ಸಿಸ್ಟರ್‌ಗೆ ನಾವೇ ಹಿಂದಿನ ದಿನ ಲೇಬಲ್ ಅಂಟಿಸಿದ ಡಬ್ಬಿ ಕೊಟ್ಟುಬರುತ್ತೇವೆ.

ತೆಗೆದ ಇಂಪ್ಲಾಂಟನ್ನೂ ಬಿಸಾಡಬಾರದು. ಅದೇ ನನಗೆ ಎಲ್ಲಕ್ಕಿಂತ ಬೇಕಾದದ್ದು. ಬಿಗಿ ಮುಚ್ಚಳದ ಶುದ್ಧ ಡಬ್ಬಿಯಲ್ಲಿ ಬರುತ್ತದೆ. ಚೀಲದಲ್ಲಿ ಹಾಕಿದರೆ ಲೋಹದ ಮೊನೆ ತಾಗಿ ತೂತಾಗಿ ಹೊರಗಿನ ಬ್ಯಾಕ್ಟೀರಿಯಾ ಸೇರುತ್ತದೆ. ಶುದ್ಧ ಗಾಳಿಯ ಕ್ಯಾಬಿನೆಟ್‌ನೊಳಗೆ ರಿಂಗರ್ಸ್ ಎಂಬ ಲವಣದ ದ್ರಾವಣ ಹಾಕಿ, ಅರ್ಧ ನಿಮಿಷ ಕುಲುಕಿ, ಐದು ನಿಮಿಷ ಅಲ್ಟ್ರಾಸೌಂಡ್ ನೀರಿನಲ್ಲಿ ಇಟ್ಟು, ಮತ್ತೆ ಅರ್ಧ ನಿಮಿಷ ಕುಲುಕುತ್ತೇವೆ. ಚಿನ್ನದಂಗಡಿಯಲ್ಲಿ ಒಡವೆಯ ಸಂದಿಯ ಕೊಳೆ ಬಿಡಿಸುವ ಯಂತ್ರದ ಹಾಗೆಯೇ, 40 ಕಿಲೊಹರ್ಟ್ಸ್ ಆಸುಪಾಸಿನ ಸದ್ದು ಪೊರೆಯನ್ನು ಲೋಹದಿಂದ ಕಳಚುತ್ತದೆ. ಆ ನೀರನ್ನು ಪ್ಲೇಟಿಗೆ ಹಾಕುತ್ತೇವೆ. 2007ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು 331 ರೋಗಿಗಳಲ್ಲಿ ಇದನ್ನು ನೋಡಿದ್ದರು. ಮಾಂಸದ ಚೂರಿನ ಕಲ್ಚರ್ ನೂರರಲ್ಲಿ 61 ನಂಜನ್ನು ಹಿಡಿದರೆ, ಈ ನೀರು 78ಕ್ಕೂ ಹೆಚ್ಚು ಹಿಡಿಯಿತು. ಆಪರೇಷನ್‌ಗೆ ಮುಂಚಿನ ಎರಡು ವಾರದೊಳಗೆ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಂತೂ 45ಕ್ಕೆ ಪ್ರತಿಯಾಗಿ 75. ನಮ್ಮ ಕಡೆ ಮಾತ್ರೆ ನುಂಗದೆ ಬರುವವರೇ ಕಡಿಮೆ. ಅದಕ್ಕೇ ಈ ಯಂತ್ರಕ್ಕಾಗಿ ನಾನು ಹಟ ಹಿಡಿದಿದ್ದು.

ಪ್ಲೇಟುಗಳನ್ನು 14 ದಿನ ಇಡುತ್ತೇವೆ. ಕ್ಯೂಟಿಬ್ಯಾಕ್ಟೀರಿಯಂ ಥರದ ನಿಧಾನದ ಬ್ಯಾಕ್ಟೀರಿಯಾ ವಾರ ಕಳೆದ ಮೇಲೆ ಮುಖ ತೋರಿಸುತ್ತವೆ. ಹೇಳುವುದು ಸುಲಭ, ಇಡುವುದು ಕಷ್ಟ. ಪ್ಲೇಟಿನೊಳಗಿನ ಜೆಲ್ಲಿಯಂಥ ಅಗಾರ್ ಒಣಗಿ ಬಿರುಕು ಬಿಡುತ್ತದೆ, ಆದ್ದರಿಂದ ಅಂಚಿಗೆ ಟೇಪ್ ಸುತ್ತಿ, ಒಳಗೆ ತೇವ ಇಡಬೇಕು. ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಮೋಡ ಕವಿದರೆ ಇಲ್ಲಿಯೂ ಗಾಳಿಯೆಲ್ಲ ಬೂಷ್ಟು. ಮುಚ್ಚಳವನ್ನು ಕ್ಯಾಬಿನೆಟ್ ಹೊರಗೆ ತೆರೆಯುವಂತೆಯೇ ಇಲ್ಲ. ಕರೆಂಟ್ ಹೋದರೆ ಇನ್‌ಕ್ಯುಬೇಟರ್ ತಣ್ಣಗಾಗದಂತೆ ಇನ್ವರ್ಟರ್ ಬೇಕೇ ಬೇಕು.

ಅಜ್ಜಿಯ ಐದು ಚೂರುಗಳಲ್ಲಿ ಮೂರರಲ್ಲಿ ಅದೇ ಎಪಿಡರ್ಮಿಡಿಸ್, ಔಷಧಿಗೆ ಬಗ್ಗುವ ರೀತಿಯೂ ಒಂದೇ. ಎರಡು ಚೂರುಗಳಲ್ಲಿ ಆರನೆಯ ದಿನ ಬಂತು. ಇಂಪ್ಲಾಂಟ್ ತೊಳೆದ ನೀರಿನ ಪ್ಲೇಟಿನಲ್ಲಿ ಎಣಿಸಲಾಗದಷ್ಟು ಬಿಳಿ ಚುಕ್ಕಿ. ಐದು ಚುಕ್ಕಿ ಇದ್ದರೂ ಸಾಕು, ಗಂಭೀರವಾಗಿ ತಗೋಬೇಕು. ಪೆಥಾಲಜಿಯವರು ಚೂರಿನಲ್ಲಿ ನ್ಯೂಟ್ರೋಫಿಲ್ ಗುಂಪುಗಳನ್ನು ಕಂಡಿದ್ದರು. ಯಾವ ಆಂಟಿಬಯೋಟಿಕ್ ಎಂದು ಸರ್ಜನ್ ಜೊತೆ ಕೂತು ತೀರ್ಮಾನಿಸಿದೆವು, ಸ್ಪೇಸರ್ ಹಾಕಿ ಎರಡನೆಯ ಹಂತಕ್ಕೆ ದಾರಿಯಾಯಿತು.

ಎಲ್ಲರಲ್ಲೂ ಇಷ್ಟು ನೇರವಾಗಿ ಉತ್ತರ ಸಿಗುವುದಿಲ್ಲ. ಕೋಶದ ಲೆಕ್ಕ ಜಾಸ್ತಿ, ಪಟ್ಟಿ ನೇರಳೆ, ಆದರೂ 14 ದಿನ ಪ್ಲೇಟು ಖಾಲಿ ಎಂಬುದೂ ಇರುತ್ತದೆ. ಅಲ್ಲಿ ನಾನು ‘ನಂಜಿಲ್ಲ’ ಎಂದು ಬರೆಯುವುದಿಲ್ಲ. ಕ್ಷಯದ ಕಲ್ಚರ್, ಶಿಲೀಂಧ್ರದ ಕಲ್ಚರ್ ಹಾಕಬೇಕು. ಹಸು, ಕುರಿ ಸಾಕುವ ಮನೆಯವರಾದರೆ ಅವುಗಳಿಂದ ಹರಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ನೆನಪಿಗೆ ಬರಬೇಕು. ಅದು ನಿಧಾನವಾಗಿ ಬೆಳೆಯುತ್ತದೆ, ಪ್ಲೇಟು ಮೂಸಿ ನೋಡುವ ಅಭ್ಯಾಸದ ಟೆಕ್ನೀಷಿಯನ್‌ಗೇ ತಗಲುತ್ತದೆ. ಹಾಗಾಗಿ ಸ್ಯಾಂಪಲ್ ಕಳಿಸುವ ಡಾಕ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಮಂಡಿ, ಎಂದು ಹಾಕಿದ್ದು, ಆಂಟಿಬಯೋಟಿಕ್ ಎಂದು ನಿಲ್ಲಿಸಿದ್ದು ಎನ್ನುವುದರ ಜೊತೆಗೆ, ಮನೆಯಲ್ಲಿ ಕೊಟ್ಟಿಗೆ ಇದೆಯಾ ಎನ್ನುವುದನ್ನೂ ಫಾರಂನಲ್ಲಿ ಬರೆಯಿರಿ.